ಮರದ ಪಟ್ಟಿಯೊಳಗೆ ಸಿಕ್ಕಿದ ಬಿಳಿ ತಂತಿ: 1951ರ ವೈರಿಂಗ್ ಕೀಳೋದಾ, ಬಿಡೋದಾ?

ಹಳೇಮನೆ ಹುಡುಗ | ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರಿನ ಚಾಮರಾಜಪುರಂನಲ್ಲಿ ತಾತ ಕಟ್ಟಿಸಿದ ಮನೆ. 1951ರದ್ದು. ಮದ್ರಾಸ್ ಟೆರೇಸ್, ರೆಡ್ ಆಕ್ಸೈಡ್ ನೆಲ, ಗೋಡೆ ಉದ್ದಕ್ಕೂ ಮರದ ಪಟ್ಟಿ, ಅದರೊಳಗೆ ವೈರು. ಮೊನ್ನೆ ನಡುಮನೆ ಲೈಟು ಮಿಣುಕು ಮಿಣುಕು ಅನ್ನೋಕೆ ಶುರುವಾಯ್ತು. ಮೇನ್ ಆಫ್ ಮಾಡಿ ಪಟ್ಟಿಯ ಮುಚ್ಚಳ ಬಿಚ್ಚಿದೆ.

ಒಳಗಿದ್ದದ್ದು ಬಟ್ಟೆ ಹೆಣೆದ ವೈರು. ಕಂದು ಬಣ್ಣ, ಮುಟ್ಟಿದರೆ ಬೆರಳಿಗೆ ಟಾರಿನ ಅಂಟು. ಬಟ್ಟೆ ಕೆಳಗೆ ಕಪ್ಪು ರಬ್ಬರು. ಅದನ್ನು ಉಗುರಲ್ಲಿ ಒತ್ತಿದರೆ ಹಪ್ಪಳದ ಥರ ಮುರಿಯಿತು. ರಬ್ಬರಿನೊಳಗೆ ಮೂರು ಎಳೆ ತಂತಿ. ಅದು ಬೆಳ್ಳಗಿದೆ, ಹಳೇ ಬೆಳ್ಳಿ ಲೋಟದ ಹಾಗೆ.

ಎಲೆಕ್ಟ್ರಿಷಿಯನ್ ಬಂದು ನೋಡಿ "ಅಲ್ಯೂಮಿನಿಯಂ ಸಾರ್, ಪೂರ್ತಿ ಕಿತ್ತಾಕಿ" ಅಂದ. ಒಂದೂಮುಕ್ಕಾಲು ಲಕ್ಷ ಹೇಳಿದ್ದಾನೆ. ಅಪ್ಪನದು ಬೇರೆ ವಾದ: "ಎಪ್ಪತ್ತು ವರ್ಷದಲ್ಲಿ ಒಂದು ಕಿಡಿ ಹಾರಿಲ್ಲ. ನಿನ್ನ ಪ್ಲಾಸ್ಟಿಕ್ ವೈರು ಅಷ್ಟು ವರ್ಷ ಬಾಳುತ್ತೇನೋ?" ನಾನು ಇಬ್ಬರ ಮಧ್ಯೆ ಸಿಕ್ಕಿಕೊಂಡಿದ್ದೇನೆ. ನಮ್ಮ ತಾತ ಅಗ್ಗದ ಮಾಲು ಹಾಕಿಸೋ ಪೈಕಿ ಅಲ್ಲ. ಇದು ನಿಜವಾಗಲೂ ಅಲ್ಯೂಮಿನಿಯಂ ಅಂತೀರಾ?

ಕುವೆಂಪುನಗರ ಕಿಟ್ಟಿ

ಫೋಟೋ ಇಲ್ಲದೆ ಏನೂ ಹೇಳೋಕಾಗಲ್ಲ ಗುರು.

ವೈರ್‌ಮನ್ ನಂಜುಂಡ

ಫೋಟೋ ಬೇಡ. ಇವರು ಹೇಳಿದ್ದರಲ್ಲೇ ಗೊತ್ತಾಯ್ತು. ಅದು ವಿಐಆರ್ ವೈರು. ವಲ್ಕನೈಸ್ಡ್ ಇಂಡಿಯಾ ರಬ್ಬರ್. ಮರದ ಪಟ್ಟಿಗೆ ಕೇಸಿಂಗ್ ಕ್ಯಾಪಿಂಗ್ ಅಂತಾರೆ. ನಾನು ಕೆಲಸ ಕಲಿಯುವಾಗ ನಮ್ಮ ಮೇಸ್ತ್ರಿ ಜೊತೆ ಅಗ್ರಹಾರ, ಲಕ್ಷ್ಮೀಪುರಂ ಕಡೆ ಇಂಥದ್ದನ್ನು ರಾಶಿ ರಾಶಿ ಕಿತ್ತಿದ್ದೇನೆ.

ಬಿಳಿ ಇದ್ದ ಮಾತ್ರಕ್ಕೆ ಅಲ್ಯೂಮಿನಿಯಂ ಅಲ್ಲ. ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಕೆಂಪು ಕಂಡರೆ ತಾಮ್ರ. ಮೇಲಿರೋದು ಬರೀ ತವರದ ಕಲಾಯಿ.

ಹಳೇಮನೆ ಹುಡುಗ

ಕಲಾಯಿಯಾ? ಪಾತ್ರೆಗೆ ಹಾಕಿಸ್ತಾರಲ್ಲ, ಅದಾ? ವೈರಿಗೆ ಯಾಕೆ?

ವೈರ್‌ಮನ್ ನಂಜುಂಡ

ಅದೇ. ಪಾತ್ರೆಗೆ ಯಾಕೆ ಹಾಕಿಸ್ತಾರೆ? ಹುಳಿ ಸಾರು ತಾಮ್ರಕ್ಕೆ ತಾಗಬಾರದು ಅಂತ. ಇಲ್ಲೂ ಹಂಗೇ. ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಬಿರಿಯುತ್ತದೆ. ಅದಕ್ಕೆ ಗಂಧಕ ಸೇರಿಸಿ ಬೇಯಿಸಿದರೆ ಗಟ್ಟಿಯಾಗುತ್ತದೆ. ಆದರೆ ಆ ಗಂಧಕ ತಾಮ್ರವನ್ನು ತಿನ್ನುತ್ತದೆ, ತಂತಿ ಕಪ್ಪಾಗುತ್ತದೆ, ರಬ್ಬರೂ ಬೇಗ ಹಾಳಾಗುತ್ತದೆ. ಅದಕ್ಕೆ ಮಧ್ಯೆ ತವರ. ಪಿವಿಸಿ ಬಂದ ಮೇಲೆ ಗಂಧಕದ ಕಾಟ ಇಲ್ಲ, ಮನೆ ವೈರಿಗೆ ಕಲಾಯಿಯೂ ಹೋಯ್ತು. ಈಗಿನ ಹುಡುಗರು ಕಲಾಯಿ ತಂತಿ ನೋಡಿರಲ್ಲ. ಅದಕ್ಕೆ ನಿಮ್ಮ ಎಲೆಕ್ಟ್ರಿಷಿಯನ್ ಹಾಗಂದಿದ್ದಾನೆ, ಅವನ ತಪ್ಪಲ್ಲ.

ಕುವೆಂಪುನಗರ ಕಿಟ್ಟಿ

ಹಾಗಾದರೆ ಅಪ್ಪ ಗೆದ್ದರು. ತಾಮ್ರ ಅಂದ ಮೇಲೆ ಯಾಕೆ ಕೀಳಬೇಕು? ಒಂದೂಮುಕ್ಕಾಲು ಲಕ್ಷ ಉಳೀತು.

ಸರಸ್ವತೀಪುರಂ ಟೀಚರ್

ಗೆದ್ದಿಲ್ಲ ಕಿಟ್ಟಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಫಿಸಿಕ್ಸ್ ಪಾಠ ಮಾಡಿದವಳು ಹೇಳ್ತಿದ್ದೀನಿ, ಕೇಳಿ. ತಾಮ್ರ ಎಪ್ಪತ್ತು ವರ್ಷಕ್ಕೂ ಏನೂ ಆಗಲ್ಲ, ಏಳುನೂರು ವರ್ಷಕ್ಕೂ ಆಗಲ್ಲ. ಹೋಗಿರೋದು ಅದರ ಅಂಗಿ. ಅವರೇ ಬರೆದಿದ್ದಾರಲ್ಲ, ರಬ್ಬರು ಹಪ್ಪಳದ ಹಾಗೆ ಮುರಿಯುತ್ತದೆ ಅಂತ.

ಕೇಬಲ್ಲಿನ ಕತೆ ಅಂದರೆ ಮುಕ್ಕಾಲುಪಾಲು ಅಂಗಿಯ ಕತೆಯೇ. ಕರೆಂಟು ಹರಿಸೋಕೆ ತಾಮ್ರ ಬೇಕು ಅನ್ನೋದು ಮೊದಲಿಂದ ಗೊತ್ತಿತ್ತು. ಅದು ಆಚೀಚೆ ಹೋಗದ ಹಾಗೆ ತಡೆಯೋದು ಹೇಗೆ ಅನ್ನೋದೇ ತಲೆನೋವು. ಮೊದಮೊದಲು ರೇಷ್ಮೆ ದಾರ, ಹತ್ತಿ ದಾರ ಸುತ್ತುತ್ತಿದ್ದರು. ಪ್ರಯೋಗಶಾಲೆಯಲ್ಲಿ ಸರಿ, ಮಣ್ಣಲ್ಲಿ ಹೂತರೆ ನೀರು ಕುಡಿದು ಮುಗೀತು. ಆಮೇಲೆ 1840ರ ದಶಕದಲ್ಲಿ ಮಲಯ ಕಡೆಯಿಂದ ಒಂದು ಮರದ ಹಾಲು ಯೂರೋಪಿಗೆ ಹೋಯ್ತು. ಹೆಸರು ಗಟ್ಟಾಪರ್ಚಾ. ಬಿಸಿನೀರಿಗೆ ಹಾಕಿದರೆ ಮೆತ್ತಗಾಗುತ್ತದೆ, ಆರಿದರೆ ಗಟ್ಟಿ. 1847ರಲ್ಲಿ ಜರ್ಮನಿಯ ವೆರ್ನರ್ ಸೀಮೆನ್ಸ್ ಅದನ್ನು ಶಾವಿಗೆ ಒರಳಿನ ಥರದ ಯಂತ್ರದಲ್ಲಿ ಒತ್ತಿ ತಂತಿ ಸುತ್ತ ಕೂರಿಸಿದರು. ನೀರಲ್ಲಿ ಅದು ಹಾಳಾಗುತ್ತಿರಲಿಲ್ಲ. ಸಮುದ್ರದ ತಳದ ಟೆಲಿಗ್ರಾಫ್ ಕೇಬಲ್ ಸಾಧ್ಯವಾಗಿದ್ದೇ ಅದರಿಂದ. 1851ಕ್ಕೆ ಇಂಗ್ಲೆಂಡ್ ಮತ್ತು ಫ್ರಾನ್ಸ್ ಮಧ್ಯೆ ಕೆಲಸ ಶುರುವಾಗಿತ್ತು.

ಸಪೋಟ ಕಾಯಿ ಕಿತ್ತಾಗ ತೊಟ್ಟಲ್ಲಿ ಬಿಳಿ ಹಾಲು ಬಂದು ಕೈಗೆ ಅಂಟುತ್ತಲ್ಲ, ಗಟ್ಟಾಪರ್ಚಾ ಮರ ಅದೇ ಕುಟುಂಬದ್ದು. ಕೇಬಲ್ ಹುಚ್ಚಿಗೆ ಆ ಕಾಡುಗಳನ್ನೇ ಬೋಳು ಮಾಡಿಬಿಟ್ಟರು, ಅದು ಇನ್ನೊಂದು ಕತೆ.

ಮಳವಳ್ಳಿ ಮಗ

ಟೀಚರ್, ನಮ್ಮ ಹಲಸಿನ ಮೇಣ ಆಗುತ್ತಿರಲಿಲ್ಲವಾ? 😄

ಸರಸ್ವತೀಪುರಂ ಟೀಚರ್

ಮೇಣ ನಿಮ್ಮ ಕೈಯಿಂದ ಬಿಡಿಸೋಕೇ ಎಣ್ಣೆ ಬೇಕು, ತಂತಿ ಮೇಲೆ ಸಮನಾಗಿ ಕೂರಿಸೋರು ಯಾರಪ್ಪ?

ಮಳವಳ್ಳಿ ಮಗ

ಆದರೆ ಅಂಗಿ ಇಲ್ಲದೆಯೂ ಕರೆಂಟು ಹೋಗುತ್ತೆ ಟೀಚರ್. ನಮ್ಮ ಶಿವನಸಮುದ್ರದ ಲೈನು ಬರೀ ತಾಮ್ರದ ತಂತಿ, ಮೈಮೇಲೆ ನೂಲೂ ಇರಲಿಲ್ಲ. 1902ರಲ್ಲಿ ಬ್ಲಫ್‌ನಿಂದ (ಅಲ್ಲಿನ ವಿದ್ಯುತ್ ಕೇಂದ್ರ ಇರೋ ಜಾಗ) ಕೋಲಾರದ ಚಿನ್ನದ ಗಣಿಗೆ 92 ಮೈಲಿ. ಏಷ್ಯಾದಲ್ಲೇ ಮೊದಲ ಜಲವಿದ್ಯುತ್ತು. ಇಷ್ಟೆಲ್ಲ ಮೈಸೂರು ಮೈಸೂರು ಅಂತೀರಲ್ಲ, ಕರೆಂಟು ಹುಟ್ಟಿದ್ದು ಮಂಡ್ಯ ಜಿಲ್ಲೆಯಲ್ಲಿ ಕಣ್ರೀ.

ಲೆಕ್ಕ ತಪ್ಪದ ಲಕ್ಷ್ಮಣ

ಎರಡು ತಿದ್ದುಪಡಿ. ಏಷ್ಯಾದಲ್ಲಿ ಮೊದಲು ಅಲ್ಲ. ನಮ್ಮ ದೇಶದಲ್ಲೇ ಡಾರ್ಜಿಲಿಂಗ್ ಹತ್ತಿರ 1897ರಲ್ಲಿ ಶುರುವಾಗಿತ್ತು, ಜಪಾನಿನಲ್ಲಿ ಇನ್ನೂ ಮುಂಚೆ. ಆ ಕಾಲಕ್ಕೆ ಅಷ್ಟು ದೂರ ಕರೆಂಟು ಸಾಗಿಸಿದ್ದು ದೊಡ್ಡದು, ಅದನ್ನು ಹೇಳಿ, ಒಪ್ಪುತ್ತೇನೆ. ಎರಡನೆಯದು, 1902ರಲ್ಲಿ ಮಂಡ್ಯ ಜಿಲ್ಲೆ ಎಲ್ಲಿತ್ತು? ಜಿಲ್ಲೆ ಆಗಿದ್ದು 1939ರಲ್ಲಿ. ಅಲ್ಲಿವರೆಗೆ ನೀವೂ ಮೈಸೂರು ಜಿಲ್ಲೆಯವರೇ ಸ್ವಾಮಿ.

ಕುವೆಂಪುನಗರ ಕಿಟ್ಟಿ

🔥🔥

ಮಳವಳ್ಳಿ ಮಗ

ಜಿಲ್ಲೆ ಇಲ್ಲದಿದ್ದರೇನು, ಊರು ಇತ್ತಲ್ಲ. ಹೊಟ್ಟೆ ಉರಿಯೋದು ಅದಕ್ಕಲ್ಲ. ಕರೆಂಟು ನಮ್ಮ ತಲೆ ಮೇಲೆ ಹಾದು ಮೊದಲು ಕೋಲಾರಕ್ಕೆ ಹೋಯ್ತು, 1905ಕ್ಕೆ ಬೆಂಗಳೂರಿಗೆ, 1908ಕ್ಕೆ ಮೈಸೂರಿಗೆ. ನಮ್ಮೂರಿಗೆ ಬಂದದ್ದು ನಮ್ಮಜ್ಜಿ ಮದುವೆಯಾಗಿ ಮೂರು ಮಕ್ಕಳಾದ ಮೇಲೆ. ಅಲ್ಲಿವರೆಗೂ ಹೊಂಗೆ ಎಣ್ಣೆ ದೀಪ.

ಸರಸ್ವತೀಪುರಂ ಟೀಚರ್

ಇದು ಮಾತ್ರ ನ್ಯಾಯವಾದ ಸಿಟ್ಟು. ನೂಲಿಲ್ಲದ ಲೈನಿಗೂ ಅಂಗಿ ಇದೆ ಮಗ. ಅದು ಗಾಳಿ. ಒಣಗಾಳಿ ಒಳ್ಳೇ ತಡೆ. ಕಂಬಕ್ಕೆ ತಾಗೋ ಕಡೆ ಮಾತ್ರ ಪಿಂಗಾಣಿ ಬೇಕು. ಆ ಕಾಲಕ್ಕೆ ಮೂವತ್ತು ಸಾವಿರ ವೋಲ್ಟಿಗೂ ಮೀರಿದ ಲೈನು ಅದು. ಅಷ್ಟಕ್ಕೆ ರಬ್ಬರು ಸುತ್ತಿ ನೆಲದಲ್ಲಿ ಹೂಳುತ್ತೀನಿ ಅಂದಿದ್ದರೆ ದಿವಾನರು ಕನಸಲ್ಲೂ ಒಪ್ಪುತ್ತಿರಲಿಲ್ಲ.

ನಿವೃತ್ತ ಜಾಯಿಂಟರ್

ನೆಲದಲ್ಲಿ ಹೂಳೋದರ ಬಗ್ಗೆ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಾನು ಟೆಲಿಫೋನ್ ಕೇಬಲ್ ಜಾಯಿಂಟ್ ಮಾಡುತ್ತಿದ್ದವನು. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲ ಕಡೆ ಗುಂಡಿಯೊಳಗೆ ಕೂತು ಆಯಸ್ಸು ಕಳೆದಿದ್ದೇನೆ.

ನಾನು ಸೇರಿದಾಗ ಹಳೇ ಕೇಬಲ್ಲು ಸೀಸದ್ದು. ಒಳಗೆ ಒಂದೊಂದು ತಂತಿಗೂ ತೆಳ್ಳನೆ ಕಾಗದ ಸುತ್ತಿರೋರು. ಹೌದು, ಕಾಗದ. ಒಣಗಿದ್ದರೆ ಕಾಗದದಂಥ ಅಂಗಿ ಇನ್ನೊಂದಿಲ್ಲ, ಒಂದು ತೊಟ್ಟು ನೀರು ಹೋದರೆ ನೂರು ಫೋನು ಸತ್ತವು. ಅದಕ್ಕೆ ಎಕ್ಸ್‌ಚೇಂಜಿನಿಂದ ಕೇಬಲ್ಲಿನೊಳಗೆ ಒಣಗಾಳಿ ತುಂಬುತ್ತಿದ್ದರು, ಸೈಕಲ್ ಟ್ಯೂಬಿಗೆ ತುಂಬಿದ ಹಾಗೆ. ಸೀಸ ಎಲ್ಲಾದರೂ ತೂತಾದರೆ ಗಾಳಿ ಹೊರಗೆ ಬರುತ್ತದೆ, ನೀರು ಒಳಗೆ ಬರಲ್ಲ.

ಆಮೇಲೆ ಜೆಲ್ಲಿ ಕೇಬಲ್ ಬಂತು. ತಂತಿಗೆ ಪಾಲಿಥಿನ್, ಸಂದಿಯಲ್ಲೆಲ್ಲ ವ್ಯಾಸಲೀನಿನಂಥ ಜೆಲ್ಲಿ. ನೀರು ಒಳಗೆ ಹೋದರೂ ಮುಂದೆ ಹರಿಯಲ್ಲ. ಕೈಯೆಲ್ಲ ಜೆಲ್ಲಿ, ಸಂಜೆ ಸೀಮೆಎಣ್ಣೆಯಲ್ಲಿ ತೊಳೆದರೂ ಊಟದಲ್ಲಿ ಅದೇ ವಾಸನೆ. ನಮ್ಮ ಮನೆಯವಳು ಬಾಗಿಲಲ್ಲೇ ಬಕೆಟ್ ಇಟ್ಟಿರುತ್ತಿದ್ದಳು.

ಜೋಡಿಗಳ ಬಣ್ಣ ಈಗಲೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಬಿಳಿ ಜೊತೆ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಆಮೇಲೆ ಕೆಂಪು ಜೊತೆ ಅದೇ ಐದು. ಆಮೇಲೆ ಕಪ್ಪು, ಹಳದಿ, ನೇರಳೆ. ಒಟ್ಟು 25 ಜೋಡಿ.

ಹಳೇಮನೆ ಹುಡುಗ

ಸಾರ್, ಜೋಡಿ ಯಾಕೆ ಹುರಿ ಹೊಸೆದ ಹಾಗೆ ತಿರುಚಿರುತ್ತೆ? ಕಂಪ್ಯೂಟರ್ ಲ್ಯಾನ್ ಕೇಬಲ್ಲಿನಲ್ಲೂ ಹಾಗೇ ಇದೆ.

ನಿವೃತ್ತ ಜಾಯಿಂಟರ್

ಒಂದು ತಂತಿ ಪಕ್ಕದ ತಂತಿಯ ಮಾತು ಕದ್ದು ಕೇಳುತ್ತದೆ. ಮುಂಚೆ ಫೋನಿನಲ್ಲಿ ನೀವು ಮಾತಾಡುವಾಗ ಹಿಂದೆ ಇನ್ಯಾರದೋ ಮದುವೆ ಮಾತುಕತೆ ಕೇಳಿಸುತ್ತಿರಲಿಲ್ಲವಾ, ಅದರಲ್ಲಿ ಸ್ವಲ್ಪ ಪಾಲು ಇದು. ಎರಡನ್ನೂ ಹೊಸೆದರೆ ಹೊರಗಿನ ಗದ್ದಲ ಎರಡಕ್ಕೂ ಒಂದೇ ಸಮ ತಾಗುತ್ತದೆ, ವ್ಯತ್ಯಾಸ ತೆಗೆದಾಗ ಅಳಿಸಿಹೋಗುತ್ತದೆ. ಅಲೆಗ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ. ಒಂದೇ ಕೇಬಲ್ಲಿನಲ್ಲಿ ಬೇರೆಬೇರೆ ಜೋಡಿಗೆ ಬೇರೆಬೇರೆ ಅಳತೆಯ ಹುರಿ ಹಾಕುತ್ತಾರೆ. ನಿಮ್ಮ ಲ್ಯಾನ್ ಕೇಬಲ್ ಸುಲಿದು ನೋಡಿ, ನಾಲ್ಕು ಜೋಡಿಯೂ ಒಂದೇ ಥರ ಇರಲ್ಲ.

ಫೈಬರ್ ಹುಡುಗ

ಅಂಕಲ್, ನಿಮ್ಮ ಜೆಲ್ಲಿ ಕೇಬಲ್ ಎಲ್ಲ ಈಗ ಗುಜರಿ. ನಾವು ಎಳೆಯೋದು ಗಾಜು. ಕೂದಲಷ್ಟು ದಪ್ಪ, 125 ಮೈಕ್ರಾನ್. ಬೆಳಕು ಓಡೋ ನಡುಭಾಗ ಬರೀ 9 ಮೈಕ್ರಾನ್. ಕರೆಂಟೇ ಇಲ್ಲ, ಶಾಕೂ ಇಲ್ಲ, ಪಕ್ಕದವರ ಮಾತು ಕೇಳೋ ತಂಟೆಯೂ ಇಲ್ಲ.

ನಿವೃತ್ತ ಜಾಯಿಂಟರ್

ಕರೆಂಟ್ ಹೋದರೆ ನಿನ್ನ ಗಾಜಿನ ಫೋನು ಮಾತಾಡುತ್ತೇನಪ್ಪ? ನಮ್ಮ ತಾಮ್ರದಲ್ಲಿ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿ ಮನೆವರೆಗೂ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ಬಡಿಯುತ್ತಿತ್ತು.

ಫೈಬರ್ ಹುಡುಗ

ಆ ಒಂದು ಪಾಯಿಂಟ್ ನಿಮಗೆ ಕೊಟ್ಟೆ ಅಂಕಲ್. ಮನೆಯಲ್ಲಿ ಡಬ್ಬಕ್ಕೆ ಯುಪಿಎಸ್ ಇಲ್ಲದಿದ್ದರೆ ನಮ್ಮದು ಸತ್ತಂಗೆ.

ಬೋಗಾದಿ ಬಾಲು

ಈಗೇನು ಕೇಬಲ್ಲು, ಎಲ್ಲಾ ಸ್ಯಾಟಲೈಟ್ ಅಲ್ವಾ? ಅಮೆರಿಕದಲ್ಲಿರೋ ಮಗಳ ಜೊತೆ ವಿಡಿಯೋ ಕಾಲ್ ಮಾಡಿದರೆ ಮೇಲಿಂದಲೇ ತಾನೇ ಬರೋದು?

ಫೈಬರ್ ಹುಡುಗ

ಇಲ್ಲ ಸಾರ್, ಕೆಳಗಿಂದ. ದೇಶದಿಂದ ದೇಶಕ್ಕೆ ಹೋಗೋ ಡೇಟಾದಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಸಮುದ್ರದ ತಳದ ಫೈಬರಿನಲ್ಲೇ ಹೋಗೋದು. ನಿಮ್ಮ ಮುಖ ಬೋಗಾದಿಯಿಂದ ನೆಲದಡಿ ಮುಂಬೈಗೋ ಚೆನ್ನೈಗೋ ಹೋಗಿ ಅಲ್ಲಿ ಸಮುದ್ರಕ್ಕೆ ಇಳಿಯುತ್ತೆ.

ಸರಸ್ವತೀಪುರಂ ಟೀಚರ್

ಅದೂ ಟೆಲಿಗ್ರಾಫ್ ಕಾಲದ ದಾರಿಯೇ. 1858ರಲ್ಲಿ ಅಟ್ಲಾಂಟಿಕ್ ಸಮುದ್ರದಡಿ ಮೊದಲ ಕೇಬಲ್ ಎಳೆದರು. ವಿಕ್ಟೋರಿಯಾ ರಾಣಿಯ 98 ಪದದ ಸಂದೇಶ ದಾಟೋಕೆ 16 ಗಂಟೆ ಹಿಡಿಯಿತು. ನಿಧಾನವಾಯಿತಲ್ಲ ಅಂತ ವೈಟ್‌ಹೌಸ್ ಅನ್ನೋ ಮಹಾನುಭಾವ ಎರಡು ಸಾವಿರ ವೋಲ್ಟಿನ ಹತ್ತಿರ ಕೊಟ್ಟ. ಮೂರ್ನಾಲ್ಕು ವಾರಕ್ಕೆ ಕೇಬಲ್ ಸತ್ತೇ ಹೋಯ್ತು. ಅಂಗಿ ಮೊದಲೇ ಅಲ್ಲಲ್ಲಿ ತೆಳ್ಳಗಿತ್ತು, ಇವನ ವೋಲ್ಟು ಅದನ್ನು ಹರಿದುಹಾಕಿತು. ವಿಲಿಯಂ ಥಾಮ್ಸನ್ ಅನ್ನೋ ವಿಜ್ಞಾನಿ ಬೇಡ ಅಂತ ಬಡಕೊಂಡಿದ್ದರು, ಸಣ್ಣ ಕರೆಂಟನ್ನೇ ಗುರುತಿಸೋ ಮೀಟರ್ ಮಾಡಿದ್ದರು. ಕೇಳೋರಿಲ್ಲ. ಸರಿಯಾದ ಕೇಬಲ್ ಬರೋಕೆ 1866 ಆಯ್ತು.

ಪಾಠದಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ "ಮಿಸ್, ಪಂಪ್‌ಸೆಟ್ ಎಳೆಯಲ್ಲ ಅಂತ ನಮ್ಮಪ್ಪ ಫ್ಯೂಸಿಗೆ ದಪ್ಪ ತಂತಿ ಹಾಕ್ತಾರೆ, ಹಂಗೇನಾ" ಅಂದಿದ್ದ. ಸರಿಯಾಗಿ ಅದೇ ಬುದ್ಧಿ!

ಮದ್ದೂರು ಗದ್ದೆ

ಪಂಪ್‌ಸೆಟ್ ಅಂದಿರಲ್ಲ, ನನ್ನದೊಂದು ಗೋಳು ಕೇಳಿ. ಬೋರಿನ ತಾಮ್ರದ ಕೇಬಲ್ ಎರಡು ವರ್ಷದಲ್ಲಿ ಮೂರು ಸಲ ಕಳವು. ಸ್ಟಾರ್ಟರ್ ಡಬ್ಬದಿಂದ ಬೋರಿನ ಬಾಯಿವರೆಗೆ ಕತ್ತರಿಸಿಕೊಂಡು ಹೋಗ್ತಾರೆ. ಕಬ್ಬಿನ ಗದ್ದೆ ಬದುವಿನಲ್ಲಿ ಸುಟ್ಟು ಪ್ಲಾಸ್ಟಿಕ್ ತೆಗೆದು ತಾಮ್ರ ಮಾರೋದು. ಬೆಳಿಗ್ಗೆ ಹೋದರೆ ಕಪ್ಪು ಬೂದಿ, ಮೂಗಿಗೆ ಖಾರದ ವಾಸನೆ. ಮೂರನೇ ಸಲ ಆದ ಮೇಲೆ ಅಲ್ಯೂಮಿನಿಯಂ ಕೇಬಲ್ ಹಾಕಿಸಿದೆ. ಒಂದು ವರ್ಷ ಆಯ್ತು, ಯಾರೂ ಮುಟ್ಟಿಲ್ಲ. ಕಳ್ಳರಿಗೂ ಗುಣಮಟ್ಟ ಗೊತ್ತು.

ವೈರ್‌ಮನ್ ನಂಜುಂಡ

ಒಂದು ಸೈಜು ದಪ್ಪದ್ದು ಹಾಕಿಸಿದಿರಾ ಗೌಡ್ರೇ? ಅಲ್ಯೂಮಿನಿಯಂ ಅದೇ ದಪ್ಪದ ತಾಮ್ರದಷ್ಟು ಹರಿಸಲ್ಲ, ನೂರಕ್ಕೆ ಅರವತ್ತೊಂದು ಅಷ್ಟೇ. ದೂರ ಜಾಸ್ತಿ ಇದ್ದರೆ ಮೋಟರಿಗೆ ವೋಲ್ಟೇಜ್ ಕಮ್ಮಿ ಬಂದು ವೈಂಡಿಂಗ್ ಸುಡುತ್ತದೆ. ಆ ಖಾರದ ಹೊಗೆ ಕುಡಿಯಬೇಡಿ, ಪಿವಿಸಿ ಸುಟ್ಟರೆ ಆಸಿಡ್ ಗಾಳಿ ಬರುತ್ತದೆ.

ಮದ್ದೂರು ಗದ್ದೆ

4 ಸ್ಕ್ವೇರ್ ಎಂಎಂ ಇದ್ದದ್ದಕ್ಕೆ 6 ಹಾಕಿಸಿದ್ದೇನೆ. ಅಂಗಡಿಯವನು ಹೇಳಿದ.

ವೈರ್‌ಮನ್ ನಂಜುಂಡ

ಅಂಗಡಿಯವನು ಒಳ್ಳೆಯವನು. 4ಕ್ಕೆ 6 ಕೂತರೂ ಕೂದಲೆಳೆ ಕಮ್ಮಿಯೇ, 10 ಆಗಿದ್ದರೆ ನಿಶ್ಚಿಂತೆ. ಪೂರ್ತಿ ಲೋಡಿನಲ್ಲಿ ಮೋಟರ್ ಹತ್ತಿರ ಒಂದು ಸಲ ವೋಲ್ಟೇಜ್ ನೋಡಿಸಿ.

ಲೆಕ್ಕ ತಪ್ಪದ ಲಕ್ಷ್ಮಣ

ಅಲ್ಯೂಮಿನಿಯಂ ಅಂದರೆ ಎಲ್ಲರೂ ಮೂಗು ಮುರಿಯುತ್ತೀರಿ. ತಲೆ ಮೇಲಿನ ಲೈನೆಲ್ಲ ಅದೇ. ಅಷ್ಟೇ ಕರೆಂಟು ಹರಿಸೋಕೆ ದಪ್ಪ ಬೇಕು ನಿಜ, ಆದರೆ ತೂಕ ತಾಮ್ರದ ಅರ್ಧ. ಜೋತು ಬೀಳದ ಹಾಗೆ ನಡುವೆ ಉಕ್ಕಿನ ಎಳೆ. ಅದಕ್ಕೆ ಪ್ರಾಣಿಗಳ ಹೆಸರು ಇಟ್ಟಿದ್ದಾರೆ. ಸಣ್ಣದು ಸ್ಕ್ವಿರಲ್, ಆಮೇಲೆ ವೀಸಲ್, ರ್ಯಾಬಿಟ್, ಡಾಗ್, ಪ್ಯಾಂಥರ್, ದೊಡ್ಡ ಟವರಿನಲ್ಲಿ ಮೂಸ್. ಲೈನ್‌ಮ್ಯಾನ್ "ರ್ಯಾಬಿಟ್ ಎಳೀಬೇಕು ಸಾರ್" ಅಂದರೆ ಮೊಲ ಅಂದುಕೊಳ್ಳಬೇಡಿ.

ಕುವೆಂಪುನಗರ ಕಿಟ್ಟಿ

ನಮ್ಮ ಬೀದಿಯಲ್ಲಿ ನಿಜವಾದ ಅಳಿಲು ಸ್ಕ್ವಿರಲ್ ಮೇಲೆ ಕೂತು ಫೈಬರ್ ಕಡಿಯುತ್ತೆ. ತಿಂಗಳಿಗೆ ಎರಡು ಸಲ ನೆಟ್ ಇಲ್ಲ. ದೂರು ಕೊಟ್ಟರೆ "ಟಿಕೆಟ್ ರೈಸ್ ಆಗಿದೆ" ಅಂತಾರೆ, ಯಾವ ಬಸ್ಸಿನ ಟಿಕೆಟ್ಟೋ. ಇನ್ನು ಕಂಬದ ಮೇಲೆ ನೋಡಿದರೆ ಹಳೇ ಟಿವಿ ಕೇಬಲ್, ಸತ್ತ ಫೋನ್ ವೈರು, ನಾಲ್ಕು ಕಂಪನಿ ಫೈಬರ್, ಎಲ್ಲಾ ಸೇರಿ ಗೀಜಗನ ಗೂಡು. ಹೊಸದು ಎಳೆಯೋರಿದ್ದಾರೆ, ಹಳೇದು ತೆಗೆಯೋರು ಯಾರೂ ಇಲ್ಲ.

ಫೈಬರ್ ಹುಡುಗ

ತೆಗೆಯೋಕೆ ಕೂಲಿ ಕೊಡೋರು ಯಾರು ಅಣ್ಣ? ತಾಮ್ರ ಆಗಿದ್ದರೆ ಮದ್ದೂರಿನ ಕಳ್ಳರೇ ಪುಕ್ಕಟೆ ತೆಗೆದುಕೊಡೋರು. ಗಾಜಿಗೆ ಗುಜರಿಯಲ್ಲಿ ಬೆಲೆ ಇಲ್ಲ.

ಬೋಗಾದಿ ಬಾಲು

ಒಂದು ದಡ್ಡ ಪ್ರಶ್ನೆ. ಗಾಜಿನಲ್ಲಿ ಅಷ್ಟು ದೂರ ಬೆಳಕು ಹೇಗೆ ಹೋಗುತ್ತೆ? ನಮ್ಮ ಕಿಟಕಿ ಗಾಜನ್ನು ಅಡ್ಡಲಾಗಿ ನೋಡಿದರೆ ಹಸಿರುಗಪ್ಪು.

ಫೈಬರ್ ಹುಡುಗ

ದಡ್ಡ ಪ್ರಶ್ನೆ ಅಲ್ಲ ಸಾರ್, 1966ರಲ್ಲಿ ಚಾರ್ಲ್ಸ್ ಕಾವೋ ತಲೆ ಕೆಡಿಸಿಕೊಂಡದ್ದೇ ಇದಕ್ಕೆ. ಬೆಳಕು ಮಂಕಾಗೋದು ಗಾಜಿನ ಸ್ವಭಾವದಿಂದಲ್ಲ, ಒಳಗಿರೋ ಕಬ್ಬಿಣದಂಥ ಕಲ್ಮಶದಿಂದ ಅಂದರು. ಕಿಲೋಮೀಟರಿಗೆ 20 ಡೆಸಿಬೆಲ್ ನಷ್ಟಕ್ಕೆ ಇಳಿಸಿದರೆ ಉಪಯೋಗಕ್ಕೆ ಬರುತ್ತೆ ಅಂತ ಲೆಕ್ಕ ಕೊಟ್ಟರು. ಅಂದರೆ ಒಂದು ಕಿಲೋಮೀಟರಾದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು ಅಂತ. 1970ರಲ್ಲಿ ಕಾರ್ನಿಂಗ್ ಕಂಪನಿ ಅದನ್ನು ಮಾಡಿ ತೋರಿಸಿತು. ಈಗ ನಾವು ಎಳೆಯೋದರಲ್ಲಿ 15 ಕಿಲೋಮೀಟರ್ ಹೋದರೂ ಅರ್ಧ ಬೆಳಕು ಉಳಿದಿರುತ್ತೆ. ಇಲ್ಲಿಂದ ಶ್ರೀರಂಗಪಟ್ಟಣದ ದೂರ ಅಂದುಕೊಳ್ಳಿ. ಕಾವೋ ಅವರಿಗೆ 2009ರಲ್ಲಿ ನೊಬೆಲ್ ಬಂತು.

ಟೀಚರ್ ಮಾತು ಇಲ್ಲೂ ನಿಜ. ಗಾಜಿಗೂ ಒಂದು ಗಾಜಿನ ಅಂಗಿ ಇರುತ್ತೆ, ಸ್ವಲ್ಪ ಬೇರೆ ಥರದ ಗಾಜು. ಆ ಗಡಿಯಲ್ಲಿ ಬೆಳಕು ಒಳಕ್ಕೇ ತಿರುಗುತ್ತೆ.

ಹಳೇಮನೆ ಹುಡುಗ | ಭಾನುವಾರ ಸಂಜೆ 6:15

ಸ್ವಲ್ಪ ನನ್ನ ಕಡೆ ನೋಡ್ರಪ್ಪ, ಅಟ್ಲಾಂಟಿಕ್ ದಾಟಿಬಿಟ್ಟಿರಿ.

ಕೆರೆದು ನೋಡಿದೆ. ನಡುಮನೆಯದು ಕೆಂಪು! ತಾಮ್ರವೇ. ಅಪ್ಪನ ಮುಖ ನೋಡಬೇಕಿತ್ತು. ಆದರೆ ಇನ್ನೊಂದಿದೆ. ನಡುಮನೆಯಿಂದ ಅಡುಗೆಮನೆಗೆ ಹೋಗೋ ಕಡೆ ಮರದ ಪಟ್ಟಿ ನಿಂತು, ಬೇರೆ ಥರದ ವೈರಿಂಗ್ ಶುರುವಾಗುತ್ತದೆ. ಚಪ್ಪಟೆ ರೀಪಿನ ಮೇಲೆ ತಗಡಿನ ಕ್ಲಿಪ್ಪು, ಬಿಳಿ ಪ್ಲಾಸ್ಟಿಕ್ ವೈರು. ಅಡುಗೆಮನೆ, ಬಚ್ಚಲು 1974ರಲ್ಲಿ ದೊಡ್ಡದು ಮಾಡಿಸಿದ್ದಂತೆ. ಅದನ್ನು ಕೆರೆದರೆ ಒಳಗೂ ಬಿಳಿಯೇ. ಒಂದೇ ಎಳೆ, ಎರಡು ಸಲ ಬಗ್ಗಿಸಿದರೆ ಮುರಿಯಿತು.

ಎರಡೂ ಸೇರೋ ಕಡೆ ಒಂದು ದುಂಡು ಮರದ ಡಬ್ಬ. ಬಿಚ್ಚಿದೆ. ತಾತನ ಕಾಲದ ತಾಮ್ರಕ್ಕೆ ಅಪ್ಪನ ಕಾಲದ ಅಲ್ಯೂಮಿನಿಯಂ ಸುತ್ತಿ, ಮೇಲೆ ಕಪ್ಪು ಟೇಪು ಹಾಕಿದ್ದಾರೆ. ಟೇಪು ಕರಗಿ ಮತ್ತೆ ಗಟ್ಟಿಯಾಗಿದೆ, ಡಬ್ಬದ ತಳ ಅಂಗೈಯಗಲ ಇದ್ದಿಲಾಗಿದೆ. ಇದರ ಮೇಲೆಯೇ ಗೀಸರ್ ಓಡುತ್ತಿದೆ. ಫ್ಯೂಸು ಒಂದು ಸಲವೂ ಹೋಗಿಲ್ಲ!

ವೈರ್‌ಮನ್ ನಂಜುಂಡ

ಮೊದಲು ಮೇನ್ ಆಫ್ ಮಾಡಿ, ಹಾಗೇ ಇರಲಿ. ಗೀಸರ್ ಮುಟ್ಟಬೇಡಿ. ಈ ರಾತ್ರಿ ಸೌದೆ ಒಲೆಯೋ ಗ್ಯಾಸೋ ನೋಡಿಕೊಳ್ಳಿ.

ಫ್ಯೂಸು ಯಾಕೆ ಹೋಗಲಿಲ್ಲ ಅಂದರೆ, ಕರೆಂಟು ಜಾಸ್ತಿ ಹರಿದೇ ಇಲ್ಲ. ಗೀಸರ್ ತನ್ನ ಪಾಲಿನ 9 ಆಂಪ್ಸ್ ಎಳೀತು ಅಷ್ಟೇ. ಬಿಸಿಯಾದದ್ದು ಜಾಯಿಂಟು. ಅಲ್ಯೂಮಿನಿಯಂ ಗಾಳಿಗೆ ತಾಗಿದ ಕೂಡಲೇ ಮೇಲೆ ಒಂದು ಪೊರೆ ಕಟ್ಟುತ್ತದೆ, ಅದು ಕರೆಂಟು ಬಿಡಲ್ಲ. ಬಿಸಿಗೆ ತಾಮ್ರಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಆರಿದಾಗ ಸಡಿಲ. ದಿನಾ ಬೆಳಿಗ್ಗೆ ಗೀಸರ್ ಹಾಕೋದು, ಆರಿಸೋದು. ದಿನಾ ಒಂದು ಕೂದಲಷ್ಟು ಸಡಿಲ. ಬಚ್ಚಲಿನ ಆವಿ ಸೇರಿದರೆ ಎರಡು ಲೋಹ ಒಂದನ್ನೊಂದು ತಿನ್ನೋಕೆ ಶುರು.

ಲೆಕ್ಕ ತಪ್ಪದ ಲಕ್ಷ್ಮಣ

ಆ ಜಾಯಿಂಟಿನ ತಡೆ ಬರೀ ಅರ್ಧ ಓಮ್ ಅಂದುಕೊಳ್ಳಿ. 9 ಆಂಪ್ಸ್‌ಗೆ 40 ವಾಟ್ ಬಿಸಿ. ಮುಚ್ಚಿದ ಮರದ ಡಬ್ಬದೊಳಗೆ ನಲವತ್ತರ ಬಲ್ಬು ಉರಿಸಿಟ್ಟ ಹಾಗೆ.

ಕುವೆಂಪುನಗರ ಕಿಟ್ಟಿ

ಅಪ್ಪ ಗೆದ್ದರು ಅಂದದ್ದು ವಾಪಸ್ ತಗೊಂಡೆ.

ಬೋಗಾದಿ ಬಾಲು

1974ರಲ್ಲಿ ಯಾಕೆ ಅಲ್ಯೂಮಿನಿಯಂ ಹಾಕಿದರು? ತಾತ ತಾಮ್ರ ಹಾಕಿಸಿ, ಮಗ ಜುಗ್ಗತನ ಮಾಡಿದರಾ?

ನಿವೃತ್ತ ಜಾಯಿಂಟರ್

ಹಾಗನ್ನಬೇಡಿ. ಆ ಕಾಲದಲ್ಲಿ ತಾಮ್ರ ಹೊರಗಿಂದ ಬರಬೇಕಿತ್ತು, ದೇಶದ ಹತ್ತಿರ ವಿದೇಶಿ ಹಣ ಇರಲಿಲ್ಲ. ಅಲ್ಯೂಮಿನಿಯಂಗೆ ಬೇಕಾದ ಬಾಕ್ಸೈಟ್ ನಮ್ಮಲ್ಲೇ ಇತ್ತು. ಅರವತ್ತು, ಎಪ್ಪತ್ತರ ದಶಕದ ಮನೆಗಳಲ್ಲಿ ಬಹಳಷ್ಟು ಕಡೆ ಅದೇ. ನಮ್ಮ ಮನೆಯಲ್ಲೂ ಅದೇ ಇತ್ತು. ಆ ಕಾಲಕ್ಕೆ ಎರಡು ಟ್ಯೂಬ್‌ಲೈಟ್, ಒಂದು ಫ್ಯಾನ್, ಒಂದು ರೇಡಿಯೋ. ಗೀಸರ್, ಮಿಕ್ಸಿ, ಓವನ್ ಬರುತ್ತೆ ಅಂತ ಯಾರು ಅಂದುಕೊಂಡಿದ್ದರು?

ನಾನು ಮೂವತ್ತೆಂಟು ವರ್ಷ ಕೇಬಲ್ ಕೆಲಸ ಮಾಡಿದೆ. ಕೇಬಲ್ ತಾನಾಗಿ ನಡುವೆ ಕೆಟ್ಟದ್ದು ಕಮ್ಮಿ. ಜೆಸಿಬಿ ಕಿತ್ತಿರಬೇಕು, ಇಲ್ಲವಾ ಜಾಯಿಂಟ್. 1890ರ ಹೊತ್ತಿಗೆ ಲಂಡನ್ನಿಗೆ ಫೆರಾಂಟಿ ಅನ್ನೋರು 10,000 ವೋಲ್ಟಿನ ಕೇಬಲ್ ಎಳೆದರು, ಮೇಣ ಕುಡಿಸಿದ ಕಾಗದ ಸುತ್ತಿದ್ದು. ಅದು ಬಗ್ಗುತ್ತಿರಲಿಲ್ಲ, 20 ಅಡಿಯ ತುಂಡು ತುಂಡು. ಸಾವಿರಾರು ಜಾಯಿಂಟ್. ಆ ಜಾಯಿಂಟರ್‌ಗಳ ಪಾಡು ನೆನೆಸಿಕೊಂಡರೆ ನನ್ನ ಬೆನ್ನು ನೋಯುತ್ತದೆ.

ಹಳೇಮನೆ ಹುಡುಗ

ಸರಿ, ಪೂರ್ತಿ ತೆಗೆಸೋದು ಅಂತಾಯ್ತು. ಡಬ್ಬ ತೋರಿಸಿದ ಮೇಲೆ ಅಪ್ಪ ಒಂದು ಮಾತೂ ಆಡಲಿಲ್ಲ. ಏನು ಹಾಕಿಸಲಿ?

ವೈರ್‌ಮನ್ ನಂಜುಂಡ

ಲೈಟು, ಫ್ಯಾನಿಗೆ 1.5 ಸ್ಕ್ವೇರ್ ಎಂಎಂ. ಪ್ಲಗ್ ಪಾಯಿಂಟಿಗೆ 2.5. ಗೀಸರಿಗೆ ಡಿಬಿಯಿಂದಲೇ (ಎಲ್ಲಾ ಲೈನು ಕವಲಾಗೋ ಡಬ್ಬ) ಬೇರೆ ಲೈನು, 4 ಹಾಕಿ, ನಡುವೆ ಜಾಯಿಂಟ್ ಬೇಡ. ಎಲ್ಲಾ ತಾಮ್ರ, ಹೊಗೆ ಕಮ್ಮಿ ಬರೋ ಎಫ್‌ಆರ್‌ಎಲ್‌ಎಸ್, ಐಎಸ್‌ಐ ಗುರುತು ನೋಡಿ. ಹಳೇ ಮನೆಯಲ್ಲಿ ಅರ್ಥ್ ವೈರೇ ಇರಲ್ಲ, ಪ್ರತಿ ಪ್ಲಗ್ಗಿಗೂ ಹಸಿರು ವೈರು ಎಳೆಸಿ. 30 ಮಿಲಿಆಂಪ್ಸ್ ಆರ್‌ಸಿಸಿಬಿ ಮರೀಬೇಡಿ, ಕರೆಂಟು ಸೋರಿದರೆ ತಾನೇ ಆಫ್ ಆಗೋ ಸ್ವಿಚ್ಚು ಅದು. ಹಳೇ ಮೇಸ್ತ್ರಿ ಬಂದರೆ "ತ್ರೀ ಟ್ವೆಂಟಿ, ಸೆವೆನ್ ಟ್ವೆಂಟಿ" ಅಂತಾನೆ. 20 ಗೇಜಿನ ಮೂರು ಎಳೆ, ಏಳು ಎಳೆ ಅಂತ ಅರ್ಥ. ತ್ರೀ ಟ್ವೆಂಟಿ ಅಂದರೆ ಹೆಚ್ಚುಕಮ್ಮಿ ಈಗಿನ 2. ಗಾಬರಿ ಬೀಳಬೇಡಿ.

ಮುಗಿದ ಮೇಲೆ ಮೆಗ್ಗರ್ ಹಾಕಿಸಿ, ವೈರಿನ ಅಂಗಿ ಗಟ್ಟಿ ಇದೆಯಾ ಅಂತ ಅಳೆಯೋ ಮೀಟರ್ ಅದು. ಹಾಕದೆ ದುಡ್ಡು ಕೊಡಬೇಡಿ.

ಲೆಕ್ಕ ತಪ್ಪದ ಲಕ್ಷ್ಮಣ

ವೈರಿನ ಕಾಯಿಲ್ (ಸುರುಳಿ) 90 ಮೀಟರ್ ಇರುತ್ತೆ, ನೂರಲ್ಲ. ಲೆಕ್ಕ ಹಾಕುವಾಗ ನೆನಪಿರಲಿ. ಎಷ್ಟು ಉಳೀತು ಅಂತ ನೀವೇ ಅಳೆದು ನೋಡಿ.

ಹಳೇಮನೆ ಹುಡುಗ | ಮೂರು ವಾರದ ನಂತರ

ಕೆಲಸ ಮುಗೀತು. ಮೆಗ್ಗರ್ ಹಾಕಿಸಿದೆ, ಮುಳ್ಳು ಕೊನೆಗೆ ಹೋಗಿ ನಿಂತಿತು. ಹಳೇ ತಾಮ್ರವನ್ನು ಗುಜರಿಗೆ ಕೊಡುವಾಗ ಅವನೂ "ಅಲ್ಯೂಮಿನಿಯಂ ರೇಟು ಕೊಡ್ತೀನಿ" ಅಂದ. ಬ್ಲೇಡಿನಲ್ಲಿ ಕೆರೆದು ತೋರಿಸಿದೆ. ನಂಜುಂಡಣ್ಣ, ನಿಮಗೆ ಒಂದು ಮಸಾಲೆದೋಸೆ ಬಾಕಿ. ಸುಟ್ಟ ಡಬ್ಬವನ್ನು ಅಪ್ಪ ಬಿಸಾಕೋಕೆ ಬಿಡಲಿಲ್ಲ. ಷೋಕೇಸಿನಲ್ಲಿ ತಾತನ ಫೋಟೋ ಪಕ್ಕ ಇಟ್ಟಿದ್ದಾರೆ. ಯಾಕೆ ಅಂತ ಕೇಳೋ ಧೈರ್ಯ ನನಗಿಲ್ಲ.

ಕುವೆಂಪುನಗರ ಕಿಟ್ಟಿ

ಆ ಹಳೇ ಕಪ್ಪು ದುಂಡು ಸ್ವಿಚ್‌ಗಳು, ಟಕ್ ಅಂತ ಸದ್ದು ಬರೋವು, ಇದ್ದರೆ ನನಗೆ ಕೊಡಿ ಗುರು. ದುಡ್ಡು ಕೊಡ್ತೀನಿ.

ಹಳೇಮನೆ ಹುಡುಗ

ಹದಿನಾಲ್ಕು ಇವೆ. ಅಪ್ಪ ಎಣಿಸಿ ಇಟ್ಟಿದ್ದಾರೆ.